ಸ್ಮರಣಶಕ್ತಿಯ ಮಾತ್ರೆ ಕೇಳುವ ಮೊದಲು

ಮಗನೋ ಮಗಳೋ ಊರು ಬಿಟ್ಟು ಧಾರವಾಡಕ್ಕೋ ಬೆಂಗಳೂರಿಗೋ ಓದಲು ಹೋದ ವರ್ಷ, ಮೊದಲ ಸೆಮಿಸ್ಟರಿನ ಫಲಿತಾಂಶ ಪ್ರಕಟವಾದ ವಾರದಲ್ಲಿ, ನಮ್ಮ ಚಿಕಿತ್ಸಾಲಯಕ್ಕೆ ಬರುವ ತಂದೆತಾಯಿಗಳ ಬೇಡಿಕೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ‘ನೆನಪಿನ ಶಕ್ತಿಗೆ ಏನರೆ ಕೊಡ್ರಿ ಡಾಕ್ಟರೇ. ಎಸ್ಸೆಸ್ಸೆಲ್ಸಿಯೊಳಗ ಸಾಲಿಗೇ ಮೊದಲು ಬಂದಿದ್ದ ಹುಡುಗ, ಈಗ ಎರಡು ವಿಷಯ ಹೋಗ್ಯಾವ.’ ಹುಡುಗ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಾನೆ. ಕಣ್ಣಿನ ಕೆಳಗಿನ ಕಪ್ಪು, ಒಡೆದ ತುಟಿ, ಬಿಳಿಯ ಲೇಪ ಕಟ್ಟಿದ ನಾಲಿಗೆ ಇವುಗಳನ್ನು ಕಂಡಾಗಲೇ ವೈದ್ಯನಿಗೆ ಅರ್ಧ ವಿಷಯ ತಿಳಿದುಬಿಡುತ್ತದೆ.

ಬುದ್ಧಿಗೆ ಹಿತವಾದ ಔಷಧಿಗಳು ಆಯುರ್ವೇದದಲ್ಲಿ ಇಲ್ಲವೆಂದಲ್ಲ. ಚರಕ ಸಂಹಿತೆಯು ಒಂದೆಲಗ, ಜ್ಯೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ ಎಂಬ ನಾಲ್ಕನ್ನು ಮೇಧ್ಯ ರಸಾಯನಗಳೆಂದು ಹೇಳಿದೆ. ಆದರೆ ರಸಾಯನವು ಶುದ್ಧವಾದ ದೇಹದಲ್ಲಿ, ಸರಿಯಾದ ಅಗ್ನಿಯಲ್ಲಿ ಕೆಲಸ ಮಾಡತಕ್ಕದ್ದು. ಕೊಳೆಯಾದ ಬಟ್ಟೆಗೆ ಬಣ್ಣ ಹತ್ತುವುದಿಲ್ಲ. ಜಾಹೀರಾತು ನೋಡಿ ತಂದ ಡಬ್ಬಿಗಳನ್ನು ಪರೀಕ್ಷೆಯ ಹಿಂದಿನ ಹದಿನೈದು ದಿನ ನುಂಗಿದರೆ ಪ್ರಯೋಜನವಿಲ್ಲ. ಜ್ಯೇಷ್ಠಮಧುವನ್ನು ಮಿತಿಮೀರಿ ಬಹುಕಾಲ ಸೇವಿಸಿದರೆ ರಕ್ತದೊತ್ತಡ ಏರುವುದೂ ಉಂಟು. ಆದ್ದರಿಂದ ಚೀಟಿ ಬರೆಯುವ ಮೊದಲು ನಾವು ನಾಲ್ಕು ಪ್ರಶ್ನೆಗಳನ್ನು ಕೇಳುತ್ತೇವೆ. ಎಷ್ಟು ಗಂಟೆಗೆ ಮಲಗುತ್ತೀ? ದಿನದ ಮೊದಲ ಊಟ ಎಷ್ಟು ಗಂಟೆಗೆ? ಬೆಳಿಗ್ಗೆ ಹೊಟ್ಟೆ ಶುದ್ಧವಾಗುತ್ತದೆಯೇ? ಯಾರೊಡನೆ ಕುಳಿತು ಉಣ್ಣುತ್ತೀ? ಮೊದಲಿನ ಮೂರಕ್ಕೆ ಉತ್ತರ ಕೂಡಲೇ ಬರುತ್ತದೆ. ನಾಲ್ಕನೆಯದಕ್ಕೆ ಹುಡುಗರು ತಂದೆಯ ಮುಖ ನೋಡುತ್ತಾರೆ.

ದೇಹವನ್ನು ಹೊತ್ತು ನಿಲ್ಲಿಸುವ ಮೂರು ಊರೆಗಂಬಗಳೆಂದು ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ನಮ್ಮ ಆಚಾರ್ಯರು ಹೆಸರಿಸಿದ್ದಾರೆ. ಮನೆಯಲ್ಲಿ ಇರುವವರೆಗೆ ಈ ಕಂಬಗಳನ್ನು ಹಿಡಿದು ನಿಂತವರು ಬೇರೆಯವರು. ಹೊತ್ತಿಗೆ ಎಬ್ಬಿಸುವ ಅಜ್ಜ, ಸ್ನಾನ, ವಿಭೂತಿ, ಇಷ್ಟಲಿಂಗ ಪೂಜೆ ಮುಗಿಯದೆ ತಾಟು ಹಾಕದ ಅವ್ವ, ಒಂಬತ್ತಕ್ಕೆ ದೀಪ ಆರಿಸುವ ಅಪ್ಪ. ಇವರಿಂದಾಗಿ ತನಗೆ ಒಂದು ದಿನಚರಿ ಇದೆಯೆಂಬುದೇ ಮಗುವಿಗೆ ತಿಳಿದಿರಲಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಪಿಜಿಯ ಕೊಠಡಿಗೆ ಹೋದ ದಿನ ಮೂರೂ ಕಂಬಗಳು ಏಕಕಾಲಕ್ಕೆ ಅವನ ಕೈಗೆ ಬರುತ್ತವೆ. ಪಾಠ ಕಠಿಣವಾದುದರಿಂದ ಮಾತ್ರವೇ ಹುಡುಗ ಸೋಲುತ್ತಾನೆಂದು ನಾವು ನಂಬುವುದಿಲ್ಲ.

ನಿದ್ರೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಗಲು ಓದಿದ್ದು ಮನಸ್ಸಿನಲ್ಲಿ ನೆಲೆಗೊಳ್ಳುವ ಕೆಲಸ ಬಹುಪಾಲು ನಡೆಯುವುದು ನಿದ್ರೆಯಲ್ಲಿ. ಇದನ್ನು ಇಂದಿನ ವಿಜ್ಞಾನವೂ ಒಪ್ಪಿದೆ. ಈ ವಯಸ್ಸಿನವರಿಗೆ ಏಳರಿಂದ ಒಂಬತ್ತು ಗಂಟೆಯ ನಿದ್ರೆ ಬೇಕು. ಪರೀಕ್ಷೆಯ ಹಿಂದಿನ ರಾತ್ರಿಯನ್ನು ಪೂರ್ತಿ ಓದಿನಲ್ಲಿ ಕಳೆದವನು ಬೀಜ ಬಿತ್ತಿ ಮಣ್ಣು ಮುಚ್ಚದೆ ಬಂದ ಒಕ್ಕಲಿಗನಂತೆ. ರಾತ್ರಿಯ ಜಾಗರಣೆಯು ರೂಕ್ಷಗುಣವನ್ನು, ಹಗಲಿನ ನಿದ್ರೆಯು ಸ್ನಿಗ್ಧಗುಣವನ್ನು ಹೆಚ್ಚಿಸುವುದೆಂದು ಚರಕರ ಮತ. ಎರಡು ಗಂಟೆಯವರೆಗೆ ಮೊಬೈಲು ಹಿಡಿದು, ಮಧ್ಯಾಹ್ನ ಉಂಡು ಮಲಗುವ ಹುಡುಗನಲ್ಲಿ ವಾತವೂ ಕಫವೂ ಒಟ್ಟಿಗೆ ಕೆಡುತ್ತವೆ. ತಲೆಯಲ್ಲಿ ಚಂಚಲತೆ, ಮೈಯಲ್ಲಿ ಜಡತೆ. ರಾತ್ರಿ ಹತ್ತಕ್ಕೆ ಕುಡಿದ ಕಾಫಿಯ ಸತ್ವವು ಐದಾರು ಗಂಟೆಗಳ ಬಳಿಕವೂ ಸುಮಾರು ಅರ್ಧದಷ್ಟು ರಕ್ತದಲ್ಲಿಯೇ ಉಳಿದಿರುತ್ತದೆ ಎಂಬುದನ್ನೂ ಅವರು ಅರಿಯರು. ಅನಿವಾರ್ಯವಾಗಿ ಎಚ್ಚರವಿದ್ದವರಿಗೆ ವಾಗ್ಭಟರು ಒಂದು ದಾರಿಯನ್ನು ತೋರಿಸಿದ್ದಾರೆ: ಎಷ್ಟು ಹೊತ್ತು ನಿದ್ರೆ ತಪ್ಪಿತೋ ಅದರ ಅರ್ಧ ಹೊತ್ತು, ಮರುದಿನ ಬೆಳಿಗ್ಗೆ, ಏನನ್ನೂ ಉಣ್ಣದೆ ಮಲಗಬೇಕು. ಇದನ್ನು ತಿಳಿಸಿದಾಗ ವಿದ್ಯಾರ್ಥಿಗಳು ತುಂಬ ಸಂತೋಷಪಡುತ್ತಾರೆ. ‘ಉಣ್ಣದೆ’ ಎಂಬ ಮಾತನ್ನು ಮಾತ್ರ ಮರೆಯುತ್ತಾರೆ.

ಆಹಾರದಲ್ಲಿ ದೊಡ್ಡ ದೋಷ ಎರಡು. ಹೊತ್ತಲ್ಲದ ಹೊತ್ತಿನಲ್ಲಿ, ಕಡಿಮೆಯೋ ಹೆಚ್ಚೋ ಉಣ್ಣುವುದು ವಿಷಮಾಶನ. ಉಂಡದ್ದು ಕರಗುವ ಮೊದಲೇ ಮೇಲೆ ಮತ್ತೆ ತಿನ್ನುವುದು ಅಧ್ಯಶನ. ಬೆಳಿಗ್ಗೆ ಚಹಾ ಬಿಸ್ಕೀಟು, ಹನ್ನೊಂದೂವರೆಗೆ ಕ್ಯಾಂಟೀನಿನ ಪಫ್ಸು, ಸಂಜೆ ಗೋಬಿ ಮಂಚೂರಿ, ಅದರ ಮೇಲೆ ಒಂಬತ್ತಕ್ಕೆ ಮೆಸ್ಸಿನ ಅನ್ನ. ತಿಂಗಳ ಕೊನೆಯಲ್ಲಿ ಹಣ ಮುಗಿದು, ವಿದ್ಯಾರ್ಥಿವೇತನ ಬಾರದೆ, ಒಂದು ಹೊತ್ತಿನ ಊಟ ಬಿಡುವವರೂ ಇದ್ದಾರೆ; ಅವರು ಅದನ್ನು ಮನೆಯಲ್ಲಿ ಹೇಳುವುದಿಲ್ಲ. ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಓಡಾಡುವವರ ಸ್ಥಿತಿಯೂ ಹೀಗೆಯೇ. ಆರೂವರೆಯ ಬಸ್ಸಿಗೆ ಬರಿ ಹೊಟ್ಟೆಯಲ್ಲಿ ಹೊರಟ ಹುಡುಗಿ ಹತ್ತರ ಪಾಠದಲ್ಲಿ ತೂಕಡಿಸಿದರೆ ಅದು ಆಲಸ್ಯವಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಸರಿಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆಯಿದೆ. ಓದಲು ಕುಳಿತರೆ ತಲೆ ಭಾರ, ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವಿಕೆ ಎಂದು ಹೇಳುವ ವಿದ್ಯಾರ್ಥಿನಿಗೆ ಮೊದಲು ಮಾಡಿಸಬೇಕಾದುದು ಹಿಮೋಗ್ಲೋಬಿನ್ ಪರೀಕ್ಷೆ. ಕಡಿಮೆ ಬಂದರೆ ಕಬ್ಬಿಣದ ಮಾತ್ರೆಯನ್ನು ನಾವೂ ಸಂಕೋಚವಿಲ್ಲದೆ ಕೊಡುತ್ತೇವೆ. ಊಟವಾದ ಕೂಡಲೇ ಚಹಾ ಕುಡಿಯುವ ರೂಢಿಯನ್ನು ಬಿಡಿಸುತ್ತೇವೆ; ಅದು ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತದೆ.

ತಡೆಯಬಾರದ ಹದಿಮೂರು ವೇಗಗಳನ್ನು ಚರಕ ಸಂಹಿತೆ ಪಟ್ಟಿಮಾಡಿದೆ. ಮಲ, ಮೂತ್ರ, ಹಸಿವು, ನೀರಡಿಕೆ, ನಿದ್ರೆ ಇವೆಲ್ಲ ಅದರಲ್ಲಿವೆ. ಕಾಲೇಜಿನ ಶೌಚಾಲಯಕ್ಕೆ ಹೋಗಲು ಹೇಸಿ, ಬೆಳಿಗ್ಗೆಯಿಂದ ಸಂಜೆಯವರೆಗೆ ನೀರನ್ನೇ ಕುಡಿಯದ ಹೆಣ್ಣುಮಕ್ಕಳನ್ನು ನಾವು ಪ್ರತಿ ತಿಂಗಳೂ ನೋಡುತ್ತೇವೆ. ಉರಿಮೂತ್ರ, ಕಿಬ್ಬೊಟ್ಟೆ ನೋವು, ಜ್ವರ ಬಂದು ವಾರಗಟ್ಟಲೆ ಪಾಠ ತಪ್ಪುತ್ತದೆ. ಕಾಲೇಜಿಗೆ ಲಕ್ಷಗಟ್ಟಲೆ ಶುಲ್ಕ ಕಟ್ಟುವ ಪಾಲಕರು ಸೇರುವ ದಿನ ಪ್ರಯೋಗಾಲಯವನ್ನು ನೋಡುತ್ತಾರೆ, ಗ್ರಂಥಾಲಯವನ್ನು ನೋಡುತ್ತಾರೆ. ಶೌಚಾಲಯದ ಬಾಗಿಲನ್ನೂ ಒಮ್ಮೆ ತೆರೆದು ನೋಡಬೇಕೆಂದು ನಮ್ಮ ಬಿನ್ನಹ.

ಆ ಪಟ್ಟಿಯಲ್ಲಿ ಇನ್ನೊಂದು ವೇಗವಿದೆ, ಬಾಷ್ಪ. ಎಂದರೆ ಕಣ್ಣೀರು. ಅದನ್ನು ತಡೆದರೆ ನೆಗಡಿ, ಕಣ್ಣಿನ ಬೇನೆ, ಎದೆಯ ರೋಗ, ಅರುಚಿ, ತಲೆಸುತ್ತು ಬರುತ್ತವೆಂದು ಹೇಳಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಊರಿಗೇ ಜಾಣನೆನಿಸಿಕೊಂಡವನು ಇಂಗ್ಲಿಷಿನ ತರಗತಿಯಲ್ಲಿ ಕುಳಿತಾಗ, ಪಾಠ ಅರ್ಥವಾದರೂ ಪ್ರಶ್ನೆ ಕೇಳಲು ಬಾಯಿ ಬರುವುದಿಲ್ಲ. ಒಮ್ಮೆ ಕೇಳಿ, ಹಿಂದಿನ ಬೆಂಚಿನವರು ನಕ್ಕರೆ, ಮುಂದೆ ಅವನು ಕೇಳುವುದೇ ಇಲ್ಲ. ಆಮೇಲೆ ಮೆಸ್ಸಿಗೆ ಒಬ್ಬನೇ ಹೋಗುತ್ತಾನೆ. ಕೊನೆಗೆ ಮೆಸ್ಸಿಗೂ ಹೋಗದೆ ಕೊಠಡಿಯಲ್ಲಿಯೇ ಏನನ್ನೋ ತಿನ್ನುತ್ತಾನೆ. ರಾತ್ರಿ ಮನೆಯಿಂದ ಫೋನು ಬಂದರೆ ಅಲ್ಲಿಯೂ ಮೊದಲ ಮಾತು ‘ಟೆಸ್ಟಿನ್ಯಾಗ ಎಷ್ಟು ಬಂತು?’ ಎಂಬುದೇ. ‘ಆರಾಮ ಅದೇನ್ರಿ’ ಎಂದು ಫೋನು ಇಡುತ್ತಾನೆ. ನಾವು ಯಾರೊಡನೆ ಉಣ್ಣುತ್ತೀ ಎಂದು ಕೇಳುವುದು ಇದಕ್ಕಾಗಿಯೇ. ನಾಡಿಯಲ್ಲಿ ಸಿಗದ ಸಂಗತಿ ಆ ಉತ್ತರದಲ್ಲಿ ಸಿಗುತ್ತದೆ.

ಇದು ಲಘುವಾಗಿ ಕಾಣತಕ್ಕ ಮಾತಲ್ಲ. ದೇಶದಲ್ಲಿ 2022ನೆಯ ಒಂದೇ ವರ್ಷದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಜೀವವನ್ನು ತಾವೇ ಕಳೆದುಕೊಂಡರೆಂದು ಸರ್ಕಾರದ ಅಪರಾಧ ದಾಖಲೆಗಳ ವರದಿ ತಿಳಿಸುತ್ತದೆ. ಮಗ ಮೊದಲಿನಂತೆ ಮಾತನಾಡುತ್ತಿಲ್ಲ, ಎರಡು ವಾರದಿಂದ ಊಟ ನಿದ್ರೆಗಳು ಕೆಟ್ಟಿವೆ, ಬದುಕೇ ಬೇಡವೆಂಬ ಧಾಟಿಯ ಮಾತು ಬಂದಿದೆ ಎಂದಾದರೆ ಕಷಾಯ, ತಾಯತ, ಬೈಗುಳ ಯಾವುದಕ್ಕೂ ಕಾಯದೆ ಅವನಿರುವಲ್ಲಿಗೆ ಹೋಗಿರಿ, ಮನೋವೈದ್ಯರಿಗೆ ತೋರಿಸಿರಿ. ಅಂಥ ಮಾತು ಬಂದಾಗ ಅವನನ್ನು ಒಬ್ಬನೇ ಬಿಡಬಾರದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಎಂಬ ಸೇವೆ 2022ರ ಅಕ್ಟೋಬರಿನಿಂದ ನಡೆಯುತ್ತಿದೆ. 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲಿಯೇ ಮಾತನಾಡುತ್ತಾರೆ, ಶುಲ್ಕವಿಲ್ಲ. ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಂಡರೆ ಮದುವೆಗೆ ಅಡ್ಡಿಯಾದೀತೆಂದು ಹಿಂಜರಿಯುವ ಹಿರಿಯರು ನಮ್ಮ ಸಮಾಜದಲ್ಲಿ ಇನ್ನೂ ಇದ್ದಾರೆ. ಅವರೊಡನೆ ವಾದ ಮಾಡುವಷ್ಟು ತಾಳ್ಮೆ ನಮಗೆ ಉಳಿದಿಲ್ಲ.

ನಮ್ಮ ಮಠಗಳು ಕಟ್ಟಿದ ಉಚಿತ ಪ್ರಸಾದ ನಿಲಯಗಳಲ್ಲಿ ಬಡತನವಿತ್ತು, ಮುದ್ದೆಯೋ ರೊಟ್ಟಿಯೋ ಒಂದೇ ಬಗೆಯ ಊಟವಿತ್ತು, ಹಾಸಲು ಚಾಪೆಯಿತ್ತು. ಆದರೂ ಅಲ್ಲಿ ಬೆಳೆದವರು ಓದಿ ಮುಂದೆ ಬಂದರು. ಅನ್ನ ಸಿಕ್ಕಿತೆಂಬುದು ದೊಡ್ಡ ಕಾರಣ, ನಿಜ. ಆದರೆ ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಒಟ್ಟಿಗೆ ಕುಳಿತು ಮಾಡುವ ಸಾಮೂಹಿಕ ಪ್ರಾರ್ಥನೆಯನ್ನು ವೈದ್ಯನ ಕಣ್ಣಿನಿಂದ ನೋಡಿದರೆ ಬೇರೊಂದು ಸಂಗತಿಯೂ ಕಾಣುತ್ತದೆ: ಏಳುವ ಹೊತ್ತು ನಿಶ್ಚಿತ, ಉಣ್ಣುವ ಹೊತ್ತು ನಿಶ್ಚಿತ, ಪಂಕ್ತಿಯಲ್ಲಿ ಒಬ್ಬನ ಎಲೆ ಖಾಲಿಯಿದ್ದರೆ ಪಕ್ಕದವನಿಗೆ ತಿಳಿಯುತ್ತದೆ. ಪೂಜೆಯಿಂದ ಅಂಕ ಹೆಚ್ಚುವುದೆಂದು ನಾವು ಹೇಳುವವರಲ್ಲ. ಬೆಳಿಗ್ಗೆ ಸ್ನಾನ ಮಾಡಿ ಹತ್ತು ನಿಮಿಷ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕುಳಿತವನು ಆರು ಗಂಟೆಗೆ ಎದ್ದಿರಲೇಬೇಕು, ಹಿಂದಿನ ರಾತ್ರಿ ಹನ್ನೊಂದರೊಳಗೆ ಮಲಗಿರಲೇಬೇಕು ಎಂಬಷ್ಟನ್ನು ಮಾತ್ರ ಹೇಳುತ್ತೇವೆ.

ಪಿಜಿಯಲ್ಲಿರುವ ಮಕ್ಕಳಿಗೆ ಇದರಲ್ಲಿ ಸಾಧ್ಯವಾದಷ್ಟನ್ನು ಮರಳಿ ಕೊಡುವುದು ಕಷ್ಟವೇನಲ್ಲ. ಅದೇ ಊರಿನಲ್ಲಿ ಓದುತ್ತಿರುವ ನಿಮ್ಮ ಊರಿನ ಹಿರಿಯ ವಿದ್ಯಾರ್ಥಿಯೊಬ್ಬನ ಪರಿಚಯ ಮಾಡಿಸಿರಿ. ದಿನಕ್ಕೆ ಒಂದು ಹೊತ್ತಾದರೂ ಇಬ್ಬರೂ ಕೂಡಿ ಉಣ್ಣಲಿ. ಫೋನಿನಲ್ಲಿ ಮೊದಲು ‘ಏನು ಉಂಡಿ, ಯಾರ ಜೋಡಿ ಉಂಡಿ’ ಎಂದು ಕೇಳಿರಿ. ಅಂಕಗಳ ವಿಚಾರ ಭಾನುವಾರಕ್ಕಿರಲಿ. ಹಿಂದೆ ಧಾರವಾಡದಲ್ಲಿ ಓದುವ ಮಕ್ಕಳಿಗೆ ಸುತ್ತಲಿನ ಹಳ್ಳಿಗಳ ತಾಯಂದಿರು ಬಸ್ಸಿನಲ್ಲಿ ಬುತ್ತಿ ಕಳಿಸುತ್ತಿದ್ದರು. ಈಗ ದಿನವೂ ಕಳಿಸುವುದು ಆಗದಿದ್ದರೂ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಒಂದಿಷ್ಟು ಹುರಿಗಡಲೆ ಮತ್ತು ಬೆಲ್ಲ ವಾರಗಟ್ಟಲೆ ಕೆಡದೆ ಉಳಿಯುತ್ತವೆ. ಬರಿ ಹೊಟ್ಟೆಯ ಬೆಳಗಿನ ಚಹಾಕ್ಕಿಂತ ಸಾವಿರ ಪಾಲು ಮೇಲು. ಕಟ್ಟುವಾಗ ಮಾತ್ರ ಒಬ್ಬರಿಗೆಂದು ಕಟ್ಟಬೇಡಿರಿ. ಕೊಠಡಿಯಲ್ಲಿ ಇನ್ನೊಬ್ಬರ ಮಗನೂ ಇರುತ್ತಾನೆ.