ಇಪ್ಪತ್ತೆಂಟು ಪಟ್ಟು

ಗಣಕಯಂತ್ರವು ತಾನಾಗಿ ಏನನ್ನೂ ಮಾಡಲಾರದು. ಅದು ಮಾಡಬೇಕಾದ ಕೆಲಸವನ್ನು ಹಂತಹಂತವಾಗಿ ಬರೆದುಕೊಡುವವರು ಬೇಕು. ಹೀಗೆ ಬರೆದ ಆಜ್ಞೆಗಳ ಸರಣಿಯೇ ಪ್ರೋಗ್ರಾಮು, ಬರೆಯುವವರು ಪ್ರೋಗ್ರಾಮರುಗಳು. ಸಮರ್ಥನಾದ ಒಬ್ಬ ಪ್ರೋಗ್ರಾಮರು ಹತ್ತು ಮಂದಿಗೆ, ಕೆಲವೊಮ್ಮೆ ಇಪ್ಪತ್ತೆಂಟು ಮಂದಿಗೂ ಸಮನೆಂಬ ನಂಬಿಕೆಯೊಂದು ಈ ವೃತ್ತಿಯಲ್ಲಿ ಬಹುಕಾಲದಿಂದ ಬೇರೂರಿದೆ. ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಯಾರಿಗೆಷ್ಟು ಸಂಬಳ ಕೊಡಬೇಕು ಎಂಬ ನಿರ್ಣಯಗಳಿಗೆ ಇಂಥ ನಂಬಿಕೆ ಆಧಾರವಾಗಬಹುದಾದ್ದರಿಂದ ಅದನ್ನು ಒರೆಗೆ ಹಚ್ಚುವುದು ಅವಶ್ಯ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿಯೇ ಇದೆಯಷ್ಟೆ.

ಈ ಸಂಖ್ಯೆ ಹುಟ್ಟಿದ್ದು ಅಮೆರಿಕದಲ್ಲಿ. ಸ್ಯಾಕ್‌ಮನ್, ಎರಿಕ್ಸನ್, ಗ್ರಾಂಟ್ ಎಂಬ ಮೂವರು ಸಂಶೋಧಕರ ಪ್ರಯೋಗದ ವರದಿ 1968ರಲ್ಲಿ ಪ್ರಕಟವಾಯಿತು. ಅವರು ಮುಖ್ಯವಾಗಿ ಪರೀಕ್ಷಿಸಹೊರಟದ್ದು ಮನುಷ್ಯರ ಸಾಮರ್ಥ್ಯವನ್ನಲ್ಲ. ಗಣಕದೊಡನೆ ನೇರವಾಗಿ ವ್ಯವಹರಿಸುತ್ತ ಕೆಲಸ ಮಾಡುವುದು ಲೇಸೋ, ಬರೆದದ್ದನ್ನು ಒಪ್ಪಿಸಿ ಉತ್ತರಕ್ಕಾಗಿ ಕಾಯುವುದು ಲೇಸೋ ಎಂಬುದು ಅವರ ಪ್ರಶ್ನೆ. ಅನುಭವವುಳ್ಳ 12 ಮಂದಿಗೆ ಬೀಜಗಣಿತದ ಒಂದು ಸಮಸ್ಯೆಯನ್ನೂ ಚಕ್ರವ್ಯೂಹದಂಥ ಜಟಿಲ ಹಾದಿಯಲ್ಲಿ ದಾರಿ ಹುಡುಕುವ ಇನ್ನೊಂದನ್ನೂ ಕೊಟ್ಟರು. ಬೀಜಗಣಿತದ ಪ್ರೋಗ್ರಾಮಿನ ತಪ್ಪುಗಳನ್ನು ತಿದ್ದಲು ಒಬ್ಬರಿಗೆ 6 ಗಂಟೆ ಸಾಕಾಯಿತು. ಮತ್ತೊಬ್ಬರಿಗೆ 170 ಗಂಟೆ ಹಿಡಿಯಿತು. ಮೂಲಪ್ರಶ್ನೆ ಹಿಂದೆ ಸರಿಯಿತು. 28 ಪಟ್ಟಿನ ಈ ಅಂತರ ಮಾತ್ರ ಬಾಯಿಂದ ಬಾಯಿಗೆ ಹರಡಿತು.

1999ರಲ್ಲಿ ಜರ್ಮನಿಯ ವಿದ್ವಾಂಸರಾದ ಲುಟ್ಸ್ ಪ್ರೆಚೆಲ್ಟ್ ಅವರು ಈ ಅಂಕಿಗಳನ್ನು ಮತ್ತೆ ಶೋಧಿಸಿದರು. ಗಣಕದೊಡನೆ ನೇರವಾಗಿ ವ್ಯವಹರಿಸಿದವರನ್ನೂ ಕಾಯಬೇಕಾಗಿದ್ದವರನ್ನೂ, ಸುಲಭವಾದ ಗಣಕಭಾಷೆಯಲ್ಲಿ ಬರೆದವರನ್ನೂ ಯಂತ್ರಕ್ಕೆ ಸಮೀಪದ ಕ್ಲಿಷ್ಟ ಭಾಷೆಯಲ್ಲಿ ಬರೆದವರನ್ನೂ ಅಲ್ಲಿ ಒಂದೇ ತಕ್ಕಡಿಯಲ್ಲಿ ತೂಗಲಾಗಿತ್ತು! ಸಮಾನ ಸ್ಥಿತಿಯಲ್ಲಿದ್ದವರನ್ನಷ್ಟೇ ಹೋಲಿಸಿದಾಗ ಅಂತರವು 14 ಪಟ್ಟಿಗೆ ಇಳಿಯಿತು. ಇದೂ ಕೂಡ ಅತ್ಯಂತ ಚುರುಕಾದ ಒಬ್ಬರಿಗೂ ಅತ್ಯಂತ ನಿಧಾನದ ಒಬ್ಬರಿಗೂ ಇದ್ದ ಅಂತರವೇ. ಮೊದಲನೆಯ ವಿದ್ಯಾರ್ಥಿಯನ್ನೂ ಕೊನೆಯ ವಿದ್ಯಾರ್ಥಿಯನ್ನೂ ಮಾತ್ರ ನೋಡಿ ತರಗತಿಯ ಮಟ್ಟವನ್ನು ಹೇಳಬಹುದೆ? ಕೊನೆಯವನಿಗೆ ಪರೀಕ್ಷೆಯ ದಿನ ಜ್ವರ ಬಂದಿದ್ದರೆ? ಆದುದರಿಂದ ಪ್ರೆಚೆಲ್ಟರು ಅನೇಕ ಪ್ರಯೋಗಗಳ ಅಂಕಿಗಳನ್ನು ಒಟ್ಟುಗೂಡಿಸಿ, ಚುರುಕಾದ ಅರ್ಧದಷ್ಟು ಮಂದಿಯನ್ನು ಉಳಿದರ್ಧದವರೊಡನೆ ಹೋಲಿಸಿದರು. ಆಗ ಸಾಮಾನ್ಯವಾಗಿ ಕಂಡುಬಂದ ಅಂತರ ಸುಮಾರು ಎರಡು ಪಟ್ಟು.

ಎರಡು ಪಟ್ಟೆಂದರೆ ಅಲ್ಪವೇನಲ್ಲ. ಆದರೆ ಇವೆಲ್ಲ ಹೆಚ್ಚಾಗಿ ಒಬ್ಬೊಬ್ಬರೇ ಮಾಡಿ ಮುಗಿಸಿದ ಸಣ್ಣ ಕೆಲಸಗಳು. ಹಲವರು ಕೂಡಿ ವರ್ಷಗಟ್ಟಲೆ ಕಟ್ಟುವ ದೊಡ್ಡ ಪ್ರೋಗ್ರಾಮಿನಲ್ಲಿ ಒಬ್ಬೊಬ್ಬರ ಪಾಲೆಷ್ಟೆಂಬುದನ್ನು ಇಂಥ ಪ್ರಯೋಗಗಳು ಅಳೆದಿಲ್ಲ.