ನಾವೇ ಹಾಕಿದ ಪೈಪ್ ಜಾಯಿಂಟು ನಿಂತಿತೇ?

ಚಳ್ಳಕೆರೆ ಕಡೆಯ ನಮ್ಮ ಹಳ್ಳಿಗೆ ಪ್ಲಂಬರ್ ಪೇಟೆಯಿಂದಲೇ ಬರಬೇಕು. ಹಾಗಾಗಿ ಮನೆ ಪೈಪು ಒಡೆದರೆ ಹ್ಯಾಕ್ಸಾ ಬ್ಲೇಡು, ಸಲ್ಯೂಷನ್ ಹಿಡಿದು ನಾವೇ ಕೂರೋದು.

ಹೋದ ಬೇಸಿಗೆಯಲ್ಲಿ ಟ್ಯಾಂಕಿನಿಂದ ಇಳಿಯುವ ಪಿವಿಸಿ ಪೈಪಿಗೆ ಕಪ್ಲಿಂಗ್ ಹಾಕಿದೆ. ಅರ್ಧ ಗಂಟೆ ಬಿಟ್ಟು ನಲ್ಲಿ ತಿರುಗಿಸಿ ನೋಡಿದರೆ ಒಂದು ಹನಿಯೂ ಸೋರಲಿಲ್ಲ. ಮಣ್ಣು ಮುಚ್ಚಿದೆ. ಎಂಟೇ ದಿನಕ್ಕೆ ಅಲ್ಲಿ ಗರಿಕೆ ಚಿಗುರಿತು! ಬೋರಿನಲ್ಲಿ ಬರುವ ನೀರೇ ಎರಡಿಂಚಿಲ್ಲ, ಅದೂ ಮಣ್ಣುಪಾಲು.

ಅಗೆದು ನೋಡಿದಾಗ ತಪ್ಪು ತಿಳಿಯಿತು. ಪೈಪಿನ ತೇವ ಒರೆಸಿರಲಿಲ್ಲ. ಸಲ್ಯೂಷನ್ ಬರೀ ಅಂಟಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವಂಥದ್ದು. ತೇವ, ಧೂಳು ಇದ್ದಲ್ಲಿ ಹಿಡಿಯೋದಿಲ್ಲ. ನಲ್ಲಿ ಬಿಟ್ಟುಕೊಂಡು ಪರೀಕ್ಷೆ ಮಾಡಿದ್ದೂ ತಪ್ಪೇ. ನೀರು ಹರಿಯುವಾಗ ಒತ್ತಡ ಕಡಿಮೆ. ನಲ್ಲಿ ಮುಚ್ಚಿದಾಗಲೇ ಜಾಯಿಂಟಿಗೆ ಪೂರ್ತಿ ಭಾರ ಬೀಳೋದು.

ಈಗ ಜಾಯಿಂಟನ್ನು ಒಂದು ದಿನ ಒಣಗಲು ಬಿಡುತ್ತೇನೆ. ರಾತ್ರಿ ಟ್ಯಾಂಕು ತುಂಬಿಸಿ, ನಲ್ಲಿಗಳನ್ನೆಲ್ಲ ಮುಚ್ಚಿ, ಜಾಯಿಂಟಿನ ಕೆಳಗೆ ಒಣ ಪೇಪರ್ ಹಾಸಿ, ನೀರಿನ ಮಟ್ಟಕ್ಕೆ ಗುರುತು ಹಾಕುತ್ತೇನೆ. ಬೆಳಿಗ್ಗೆ ಪೇಪರ್ ಒಣಗಿದ್ದೂ ಮಟ್ಟ ಇಳಿದಿದ್ದರೆ ಸೋರಿಕೆ ಬೇರೆ ಕಡೆ ಇದೆ ಅಂತ ಲೆಕ್ಕ.

ಸೆಕೆಂಡಿಗೆ ಒಂದು ಹನಿ ಅಂದರೆ ದಿನಕ್ಕೆ ಸುಮಾರು 4 ಲೀಟರ್. ಹಿತ್ತಿಲ ಪೈಪಾದರೆ ಸೈಕಲ್ ಟ್ಯೂಬ್ ಬಿಗಿದು, ಕೆಳಗೊಂದು ಕರಿಬೇವು ನೆಟ್ಟರೆ ನಡೆದೀತು. ಗೋಡೆಯೊಳಗೆ, ಮಣ್ಣಿನಡಿ ಹೋಗುವ ಜಾಯಿಂಟಿಗೆ ಮಾತ್ರ ಒಂದು ಹನಿಯ ರಿಯಾಯಿತಿಯೂ ಬೇಡ. ಮೇಲಿಂದ ಸಲ್ಯೂಷನ್ ಮೆತ್ತಿಯೂ ನೋಡಿದೆ, ನಿಲ್ಲಲಿಲ್ಲ. ಕತ್ತರಿಸಿ ಹೊಸ ಕಪ್ಲಿಂಗ್ ಹಾಕಿದ ಮೇಲೆ ಗರಿಕೆ ಒಣಗಿತು.