ಹೊಗೆಗೂ ಒಂದು ಅಳತೆ

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಮನೆಯಿರುವ ಗೃಹಿಣಿಯರಿಗೆ ಬೆಳಿಗ್ಗೆ ಒರೆಸಿದ ಕಿಟಕಿಯನ್ನು ಸಂಜೆ ಮತ್ತೆ ಒರೆಸುವುದು ಹೊಸ ಕೆಲಸವೇನಲ್ಲ. ಬೇಸಿಗೆಯ ಕೆಂಪು ಧೂಳಾದರೆ ಒದ್ದೆ ಬಟ್ಟೆಗೆ ಬಂದುಬಿಡುತ್ತದೆ. ಬಸ್ಸು, ಲಾರಿಗಳ ಕರಿ ಮಾತ್ರ ಜಿಡ್ಡಾಗಿ ಅಂಟಿಕೊಂಡು, ಸೋಪು ಹಾಕಿ ಉಜ್ಜಿದರೇ ಬಿಡುವುದು. ಕಿಟಕಿಯದನ್ನು ಒರೆಸಿದೆವು, ಸರಿ. ಎದೆಯೊಳಗೆ ಹೋದದ್ದನ್ನು ಒರೆಸುವವರು ಯಾರು? ನಮ್ಮ ಅತ್ತೆಯವರಿಗೆ ಉಬ್ಬಸ. ಹಾಗಾಗಿ ಈ ಪ್ರಶ್ನೆ ನಮ್ಮನೆಯಲ್ಲಿ ದಿನವೂ ಏಳುತ್ತದೆ.

ಹೊಗೆಯಲ್ಲಿರುವ ದಪ್ಪ ಕಣಗಳು ಮೂಗು, ಗಂಟಲಲ್ಲೇ ನಿಂತು ಸೀನು, ಕೆಮ್ಮು ತರುತ್ತವೆ. ಎರಡೂವರೆ ಮೈಕ್ರಾನ್‌ಗಿಂತ ಸಣ್ಣವು, ಅಂದರೆ ತಲೆಗೂದಲಿನ ದಪ್ಪದಲ್ಲಿ ಇಪ್ಪತ್ತರಲ್ಲೊಂದು ಪಾಲೂ ಇಲ್ಲದವು, ಶ್ವಾಸಕೋಶದ ಆಳಕ್ಕೇ ಇಳಿಯುತ್ತವೆ. ಸೆರಗು ಮೂಗಿಗೆ ಹಿಡಿದರೆ ಇವು ನಿಲ್ಲುವುದಿಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. (ಬಚ್ಚಲ ಹಂಡೆಯ ಒಲೆಯ ಹೊಗೆಯಲ್ಲೂ ಇಂಥ ಕಣಗಳಿರುತ್ತವೆ, ಅದನ್ನೂ ಮರೆಯಬೇಡಿ!)

ಈ ಕಣಗಳನ್ನು ತೂಗುವ ಕ್ರಮ ಅಕ್ಕಸಾಲಿಗರ ತಕ್ಕಡಿಗಿಂತ ನಾಜೂಕು. ಒಂದು ಸೋಸುವ ಕಾಗದವನ್ನು ಮೊದಲು ತೂಗಿ, ಯಂತ್ರದಲ್ಲಿಟ್ಟು, 24 ಗಂಟೆ ಅದರ ಮೂಲಕ ಗಾಳಿ ಎಳೆದು, ಮತ್ತೆ ತೂಗುತ್ತಾರೆ. ಹೆಚ್ಚಾದ ತೂಕವೇ ಕಣಗಳದ್ದು. ಒಂದು ಘನ ಮೀಟರ್ ಗಾಳಿಯಲ್ಲಿ ಸಣ್ಣ ಕಣಗಳು ದಿನದ ಸರಾಸರಿಯಲ್ಲಿ 60 ಮೈಕ್ರೋಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15!

ಹಾಗಾದರೆ ರಸ್ತೆಯ ಗಾಡಿಗಳಿಗೆ ಕೊಡುವ ಎಮಿಷನ್ ಸರ್ಟಿಫಿಕೇಟ್ ಏನು ಅಂತೀರಾ? ಅಲ್ಲಿ ಯಾರೂ ಕಣಗಳನ್ನು ತೂಗುವುದಿಲ್ಲ. ಡೀಸೆಲ್ ಗಾಡಿಯನ್ನು ಗೇರಿಲ್ಲದೆ ನಿಲ್ಲಿಸಿ ಆಕ್ಸಿಲರೇಟರ್ ಪೂರ್ತಿ ಒತ್ತುತ್ತಾರೆ. ಕೊಳವೆಯಿಂದ ಬಂದ ಹೊಗೆಯ ಮೂಲಕ ಬೆಳಕು ಹಾಯಿಸಿ, ಎಷ್ಟು ಬೆಳಕು ತಡೆಯಿತೆಂದು ನೋಡುತ್ತಾರೆ. ಹಾರ್ಟ್ರಿಜ್ ಎಂಬ ಅಳತೆಯಲ್ಲಿ ಹಳೆಯ ಗಾಡಿಗಳಿಗೆ 65, ಬಿ.ಎಸ್. 4ರ ಗಾಡಿಗಳಿಗೆ 50 ಮಿತಿ. ತೀರಾ ಸಣ್ಣ ಕಣಗಳು ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ, ಹಾಗಾಗಿ ಈ ಲೆಕ್ಕಕ್ಕೆ ಸರಿಯಾಗಿ ಸಿಗುವುದೂ ಇಲ್ಲ. ಸರಕು ಹೇರಿಕೊಂಡು ಏರು ಹತ್ತುವಾಗ ಉಗುಳುವ ಹೊಗೆ ಬೇರೆಯೇ. ಪೆಟ್ರೋಲ್ ಸ್ಕೂಟರ್‌ಗಳಲ್ಲಂತೂ ಇಂಗಾಲದ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಎಂಬ ಅನಿಲಗಳನ್ನಷ್ಟೇ ನೋಡುವುದು, ಕಣಗಳ ಪ್ರಸ್ತಾಪವೇ ಇಲ್ಲ.

ಹಾಗಂತ ಸರ್ಟಿಫಿಕೇಟ್ ನಿರುಪಯೋಗಿಯಲ್ಲ. ಕಪ್ಪು ಹೊಗೆ ಬಿಡುವ ಗಾಡಿಯಲ್ಲಿ ಗಾಳಿ ಸೋಸುವ ಫಿಲ್ಟರ್ ಕಟ್ಟಿಕೊಂಡಿರಬಹುದು, ಇಲ್ಲವೇ ಡೀಸೆಲ್ ಚಿಮ್ಮಿಸುವ ನಾಝಲ್ ಕೆಟ್ಟಿರಬಹುದು. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಎರಡಕ್ಕೂ ಮೆಕ್ಯಾನಿಕ್ಕನ ಹತ್ತಿರ ಮದ್ದಿದೆ. ಮಕ್ಕಳನ್ನು ಶಾಲೆಯ ವ್ಯಾನಿಗೆ ಹತ್ತಿಸುವ ತಾಯಂದಿರು ಸರ್ಟಿಫಿಕೇಟಿನ ತಾರೀಖು ಕೇಳಲು ಸಂಕೋಚಪಡಬೇಕಿಲ್ಲ. ಹೊಸ ಗಾಡಿಗೆ ಮೊದಲ ವರ್ಷ ಬೇಡ. ನಂತರ ಬಿ.ಎಸ್. 4 ಮತ್ತು 6ರವಕ್ಕೆ ವರ್ಷಕ್ಕೊಮ್ಮೆ, ಅದಕ್ಕೂ ಹಳೆಯವಕ್ಕೆ ಆರು ತಿಂಗಳಿಗೊಮ್ಮೆ. ಮಕ್ಕಳು ಹತ್ತುವ ತನಕ ಎಂಜಿನ್ ಆರಿಸಿರಪ್ಪಾ ಎಂದೂ ಹೇಳಿ.

ನಮ್ಮನೆಯಲ್ಲಿ ಅತ್ತೆಯವರ ಮಂಚ ಈಗ ಹಿತ್ತಲ ಕಡೆಯ ಕೋಣೆಯಲ್ಲಿದೆ. ಹಪ್ಪಳ, ಸಂಡಿಗೆ ಒಣಗುವುದೂ ಹಿತ್ತಲಲ್ಲೇ.